ಎಂಬತ್ತೊಂದು ಅಡಿ

ನಾನು ನೀರು ಮಾರಿ ಮೇಲೆ ಬಂದವನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಆರನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟು ಲಾರಿ ಕ್ಲೀನರ್ ಆದೆ, ಆಮೇಲೆ ಡ್ರೈವರ್ ಆದೆ, ಆಮೇಲೆ ಪಿಲ್ಲಗುಂಪೆಯ ಕಾರ್ಖಾನೆಗಳಿಗೆ ನೀರು ಹೊಡೆಯಲು ಒಂದು ಹಳೇ ಟ್ಯಾಂಕರ್ ಕೊಂಡೆ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಕೆಲಸ ಶುರುವಾದಾಗ ನನ್ನ ದೆಸೆ ತಿರುಗಿತು. ಕಾಂಕ್ರೀಟಿಗೆ ನೀರು ಬೇಕು, ಧೂಳು ಕೂರಿಸಲು ನೀರು ಬೇಕು, ಕೂಲಿಯವರ ಶೆಡ್ಡುಗಳಿಗೆ ನೀರು ಬೇಕು. ನನ್ನ ಜಮೀನಿನಲ್ಲಿ ಕೊರೆಸಿದ ಎರಡೂ ಬೋರುಗಳಲ್ಲಿ ನೀರಿತ್ತು. ಒಂದು ಟ್ಯಾಂಕರ್ ನಾಲ್ಕಾಯಿತು. ‘ನೀರಿನ ಗಾಡಿಯವನು’ ಅನ್ನುತ್ತಿದ್ದ ಬಾಯಿಗಳೇ ‘ಯಜಮಾನ್ರು’ ಅನ್ನತೊಡಗಿದವು.

ನನ್ನ ಲೆಕ್ಕವೆಲ್ಲ ಟ್ಯಾಂಕರಿನಲ್ಲೇ. ಮದುವೆಮನೆ ಅಂದರೆ ಎರಡು ಟ್ಯಾಂಕರ್, ಮನೆಗೆ ಮೋಲ್ಡು ಹಾಕುವುದಾದರೆ ಮೂರು. ಡ್ರೈವರ್‌ಗಳು ಒಂದು ಟ್ರಿಪ್ಪು ಮುಗಿಸಿ ಬಂದರೆ ಒಂದು ಹುಣಸೆ ಬೀಜವನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕುತ್ತಿದ್ದೆ. ಪೆನ್ನಿಗಿಂತ ಬೀಜದ ಮೇಲೆ ನನಗೆ ನಂಬಿಕೆ.

ಬೋರಿನ ನೀರು ಬಂದು ಬೀಳಲು ಜಮೀನಿನಲ್ಲಿ ಒಂದು ದೊಡ್ಡ ಕಲ್ಲುಕಟ್ಟಿನ ತೊಟ್ಟಿ ಕಟ್ಟಿಸಿದ್ದೆ. ಟ್ಯಾಂಕರುಗಳಿಗೆ ತುಂಬಿಸುತ್ತಿದ್ದುದು ಅದರಿಂದಲೇ. ನನಗೆ ಇರುವವಳು ಒಬ್ಬಳೇ ಮಗಳು. ಆ ತೊಟ್ಟಿಯಲ್ಲೇ ಅವಳು ಯಾರೂ ಹೇಳಿಕೊಡದೆ ಈಜು ಕಲಿತುಬಿಟ್ಟಳು. ಅದು ಜನ ಕುಡಿಯುವ ನೀರು. ಒಂದು ಮಧ್ಯಾಹ್ನ ನನ್ನ ಗಿರಾಕಿ, ಅಪಾರ್ಟ್‌ಮೆಂಟಿನ ಒಬ್ಬ ದೊಡ್ಡಮನುಷ್ಯ, ನೀರು ಹೇಗಿದೆ ನೋಡೋಣ ಅಂತ ಕಾರಿನಲ್ಲಿ ಬಂದ. ನೋಡಿದರೆ ನೀರೊಳಗೆ ಇವಳು. ಗಿರಾಕಿ ಹೋಯಿತಲ್ಲಪ್ಪ ಅಂದುಕೊಂಡೆ.

ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ನಿಂತು ಅವಳು ಈ ಕೊನೆಯಿಂದ ಆ ಕೊನೆಗೆ ಹೋಗಿಬರುವುದನ್ನೇ ನೋಡಿದ. "ಯಜಮಾನ್ರೇ, ಈ ಹುಡುಗೀನ ಕೋಚಿಂಗಿಗೆ ಹಾಕಿ. ಇದು ಆಟ ಅಲ್ಲ" ಅಂದ. ಆಮೇಲೆ ಮೆಲ್ಲಗೆ, "ನಮಗೆ ಕೊಡೋ ನೀರು ಇದೇನಾ?" ಅಂತಲೂ ಕೇಳಿದ. "ಇದು ತೋಟದ ನೀರು ಸಾರ್" ಅಂದೆ. ತೋಟ ಇದ್ದರೆ ತಾನೆ.

ಹಾಗೆ ಅವಳ ಹನ್ನೊಂದನೇ ವಯಸ್ಸಿನಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ ಪಟ್ಟಣದ ಒಂದು ಈಜುಕೊಳಕ್ಕೆ ಕರೆದುಕೊಂಡು ಹೋಗತೊಡಗಿದೆ. ಅವಳು ನೀರಿಗಿಳಿದರೆ ನಾನು ಬೆಂಚಿನ ಮೇಲೆ ಕೂತು ತಲೆ ಎಣಿಸುತ್ತಿದ್ದೆ. ಒಂದು ಬ್ಯಾಚಿಗೆ ನಲವತ್ತು ಮಕ್ಕಳು, ಬೆಳಗ್ಗೆ ಮೂರು ಬ್ಯಾಚು, ಸಂಜೆ ಮೂರು. ತಿಂಗಳ ಫೀಸು ಎಷ್ಟು ಅಂತ ವಾಚ್‌ಮನ್‌ನನ್ನು ಕೇಳಿದೆ. ಗುಣಿಸಿದೆ. ಮತ್ತೊಂದು ಸಲ ಗುಣಿಸಿದೆ. ನೀರನ್ನು ಟ್ಯಾಂಕರಿನಲ್ಲಿ ಹೊತ್ತು ಮಾರಿದರೆ ಒಂದೇ ಸಲ ಕಾಸು. ಇವರು ನಿಂತ ನೀರನ್ನೇ ದಿನವೂ ಮಾರುತ್ತಿದ್ದಾರೆ, ನೀರು ಅಲ್ಲೇ ಇದೆ. ಇಷ್ಟು ವರ್ಷ ನಾನು ಎಂಥ ದಡ್ಡ ವ್ಯಾಪಾರ ಮಾಡುತ್ತಿದ್ದೆ ಅನ್ನಿಸಿತು.

ವಿಮಾನ ಹಾರಲು ಶುರುವಾದ ಮರುವರ್ಷ ರಸ್ತೆಗೆ ತಾಕಿದ್ದ ನನ್ನ ಒಂದೆಕರೆಯಲ್ಲಿ ಕೊಳ ಕಟ್ಟುವುದು ಅಂತ ತೀರ್ಮಾನ ಮಾಡಿದೆ. ಜನಕ್ಕೆ ಹೇಳಿದ್ದು ಮಗಳಿಗೋಸ್ಕರ ಅಂತ. ಅದು ಸುಳ್ಳೇನೂ ಅಲ್ಲ. ಆದರೆ ಮೊದಲು ಬಂದದ್ದು ಲೆಕ್ಕ.

ಮಿಲಿಟರಿಯಿಂದ ನಿವೃತ್ತನಾಗಿ ಜಡಿಗೇನಹಳ್ಳಿ ಕಡೆ ತನ್ನ ಊರಿಗೆ ವಾಪಸು ಬಂದಿದ್ದ ಒಬ್ಬ ಈಜುಗಾರ ಸಿಕ್ಕಿದ. ಅವನನ್ನೇ ಕೋಚು ಅಂತ ಗೊತ್ತುಮಾಡಿಕೊಂಡೆ. ಕಡಿಮೆ ಮಾತಿನವನು, ನೆಟ್ಟಗೆ ನಿಲ್ಲುವವನು. ಸ್ಪರ್ಧೆ ನಡೆಸುವಂಥ ಕೊಳ ಬೇಕು, ಎಷ್ಟುದ್ದ ಕಟ್ಟಿಸಲಿ ಅಂತ ಕೇಳಿದೆ.

"ಐವತ್ತು ಮೀಟ್ರು ಇಲ್ಲಾಂದ್ರೆ ಇಪ್ಪತ್ತೈದು, ಯಜಮಾನ್ರೇ. ಮಧ್ಯದಲ್ಲಿ ಯಾವುದೂ ಇಲ್ಲ."

"ಐವತ್ತೇ ಕಟ್ಸೋಣ. ಈ ಸುತ್ತಿನಲ್ಲಿ ಯಾವನೂ ಕಟ್ಟಿರಬಾರದು."

"ಕಟ್ಟೋದು ದೊಡ್ಡದಲ್ಲ. ಸಾಕೋದು ದೊಡ್ಡದು."

ಕೂತು ಲೆಕ್ಕ ಹಾಕಿದೆವು. ಐವತ್ತು ಮೀಟರಿನ ಎಂಟು ಸಾಲಿನ ಕೊಳ ತುಂಬಲು ಮುನ್ನೂರ ಮೂವತ್ತು ಟ್ಯಾಂಕರ್ ನೀರು. ಇಪ್ಪತ್ತೈದರ ಆರು ಸಾಲಿನದಕ್ಕೆ ತೊಂಬತ್ತು ಚಿಲ್ಲರೆ. ಉದ್ದ ಎರಡರಷ್ಟಾದರೆ ಖರ್ಚೂ ಎರಡರಷ್ಟು ಅಂದುಕೊಂಡಿದ್ದವನು ನಾನು. ಆಳ, ಅಗಲ ಎಲ್ಲ ಸೇರಿ ಅದು ಮೂರೂವರೆಯಷ್ಟಾಗುತ್ತದೆ ಅಂತ ಆವತ್ತು ತಿಳಿಯಿತು. ನೀರು ಶೋಧಿಸುವ ಯಂತ್ರ ಅಷ್ಟು ದೊಡ್ಡದು, ಪಂಪು ಅಷ್ಟು ದೊಡ್ಡದು, ಕರೆಂಟು, ಕ್ಲೋರಿನ್ನು, ದಡದಲ್ಲಿ ಕಾಯುವ ಆಳುಗಳು, ಎಲ್ಲ ಅದೇ ಲೆಕ್ಕದಲ್ಲಿ. ಆದರೆ ಕಲಿಯಲು ಬರುವ ಮಕ್ಕಳು ಅದೇ ಮಕ್ಕಳು. ಕೊಳ ಉದ್ದವಾಯಿತು ಅಂತ ಯಾವ ತಾಯಿಯೂ ಎರಡು ಫೀಸು ಕಟ್ಟುವುದಿಲ್ಲ. ಕಲಿಯುವ ಮಗು ಗೋಡೆ ಹಿಡಿದುಕೊಂಡೇ ಇರುತ್ತದೆ, ಅದಕ್ಕೆ ಹತ್ತು ಮೀಟರೂ ಸಮುದ್ರವೇ. ಸ್ಪರ್ಧೆ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ನಾಲ್ಕು ದಿನದ ಜಾತ್ರೆಗೆ ವರ್ಷವಿಡೀ ಆನೆ ಸಾಕುವವರುಂಟೇ?

ಇಪ್ಪತ್ತೈದು ಅಂತ ಮುಗಿಸಿದೆ. ಈ ಲೆಕ್ಕ ಸರಿಯಾಗಿತ್ತು. ಇವತ್ತಿಗೂ ಯಾರು ಬಂದು ಕೇಳಿದರೂ ಇದನ್ನೇ ಹೇಳುತ್ತೇನೆ. ನಾನು ಕೆಟ್ಟದ್ದು ಇಲ್ಲಿ ಅಲ್ಲ.

ಗುಂಡಿ ತೋಡುವಾಗ ಮೇಸ್ತ್ರಿ ಬಂದ. ನನ್ನ ಮನೆ, ತೊಟ್ಟಿ, ಟ್ಯಾಂಕರ್ ಶೆಡ್ಡು, ಎಲ್ಲ ಅವನ ಕೈಯದೇ. ಅರವತ್ತು ದಾಟಿದ ಮುದುಕ. ಆಯ ನೋಡದೆ ಅವನು ಕೋಳಿಗೂಡನ್ನೂ ಕಟ್ಟುವವನಲ್ಲ. ಕಟ್ಟಡದ ಉದ್ದ ಅಗಲಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ ಉಳಿದದ್ದು ಆಯ. ಒಂದು ಉಳಿದರೆ ಧ್ವಜಾಯ, ಎರಡು ಉಳಿದರೆ ಧೂಮಾಯ, ಮೂರಕ್ಕೆ ಸಿಂಹಾಯ, ಹೀಗೆ. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೇಡು. ನಮ್ಮ ಕಡೆ ಆಯ ಕೂಡದ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಾರೆ.

ಇಪ್ಪತ್ತೈದು ಮೀಟರ್ ಅಂದರೆ ಎಂಬತ್ತೆರಡು ಅಡಿ, ಕೂದಲೆಳೆಯಷ್ಟು ಮೇಲೆ. ಅಗಲ ನಲವತ್ತೊಂಬತ್ತು. ಮೇಸ್ತ್ರಿ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು, ಅಳಿಸಿ, ತಲೆಯಾಡಿಸಿದ.

"ಎಂಬತ್ತೆರಡಾಗಲ್ಲ ಕಣಪ್ಪ. ಧೂಮಾಯ ಬೀಳ್ತದೆ. ಹೊಗೆ. ಮನೇಲಿ ನೆಮ್ಮದಿ ಇರಲ್ಲ."

"ಮತ್ತೇನು ಮಾಡನ?"

"ಒಂದಡಿ ಏರ್ಸು, ಎಂಬತ್ಮೂರಾಯ್ತದೆ, ಸಿಂಹಾಯ. ಇಲ್ಲ ಒಂದಡಿ ಇಳ್ಸು, ಎಂಬತ್ತೊಂದು, ಧ್ವಜಾಯ. ಎರಡೂ ಚೆಂದವೇ. ಬಾವುಟ ಹಾರ್ತದೆ ಇಲ್ಲ ಸಿಂಹ ಕೂರ್ತದೆ. ನಿಂಗ್ಯಾವ್ದು ಬೇಕೋ ಹೇಳು."

ಗುಂಡಿಯ ಪೂರ್ವದ ಕೊನೆಯಲ್ಲಿ ಬಂಡೆ ಎದ್ದಿತ್ತು. ಎಂಬತ್ತಮೂರಕ್ಕೆ ಆ ಬಂಡೆಯನ್ನು ಕೊರೆದು ಒಡೆಸಬೇಕು, ಕಂಪ್ರೆಸರ್ ಗಾಡಿ ತರಿಸಬೇಕು. ಎಂಬತ್ತೊಂದಾದರೆ ಬಂಡೆ ಅದರ ಪಾಡಿಗೆ ಇರುತ್ತದೆ, ಕಾಂಕ್ರೀಟೂ ಕಮ್ಮಿ, ಟೈಲ್ಸೂ ಕಮ್ಮಿ, ವರ್ಷ ವರ್ಷವೂ ಆ ಒಂದಡಿಯ ನೀರೂ ಕಮ್ಮಿ. ಲೆಕ್ಕಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

"ಎಂಬತ್ತೊಂದು ಇಡು" ಅಂದೆ.

"ಆ ಮಿಲ್ಟ್ರಿ ಅಯ್ಯಂಗೆ ಒಂದು ಮಾತು ಕೇಳಲ್ವಾ?"

"ಅವನೇನು ಕಾಸು ಹಾಕ್ತಾವ್ನಾ?"

ಒಂದಡಿಯಿಂದ ಏನಾಗುತ್ತದೆ ಅಂತ ನಾನು ಯೋಚಿಸದೆ ಇರಲಿಲ್ಲ. ಯೋಚಿಸಿದೆ. ಹೊಲ ಉಳುವಾಗ ಕೊನೆಯಲ್ಲಿ ಎತ್ತು ತಿರುಗಿಸಲು ಒಂದಿಷ್ಟು ಜಾಗ ಬಿಡುತ್ತೇವೆ, ಅಲ್ಲಿ ಸಾಲು ಬೀಳುವುದಿಲ್ಲ. ಈಜುವವರೂ ಗೋಡೆ ಹತ್ತಿರ ಬಂದರೆ ಪಲ್ಟಿ ಹೊಡೆದು ತಿರುಗಿಬಿಡುತ್ತಾರೆ. ಆ ಕೊನೇ ಒಂದಡಿಯನ್ನು ಯಾರು ಈಜುತ್ತಾರೆ? ಯಾರೂ ಈಜದ ನೀರಿಗೆ ನಾನೇಕೆ ಕಾಸು ಸುರಿಯಲಿ? ಇದು ನನ್ನ ಬುದ್ಧಿ. ಆವತ್ತು ಈ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಓದಿದವರಿಗೆ ಇಂಥದು ಹೊಳೆಯುವುದಿಲ್ಲ ಅಂದುಕೊಂಡೆ.

ಕೊಳ ತುಂಬಿತು. ‘25 ಮೀಟರ್ ಸ್ಪರ್ಧಾ ಈಜುಕೊಳ’ ಅಂತ ಬೋರ್ಡು ಬರೆಸಿದೆ. ಅಪಾರ್ಟ್‌ಮೆಂಟುಗಳಿಂದ ಮಕ್ಕಳು ಬಂದರು. ಮೂರೇ ತಿಂಗಳಲ್ಲಿ ಬೆಳಗಿನ ಬ್ಯಾಚುಗಳು ತುಂಬಿದವು. ಮಗಳನ್ನು ಪಟ್ಟಣದ ಕೊಳದಿಂದ ಬಿಡಿಸಿದೆ. ಮನೆಯಲ್ಲೇ ಕೊಳ ಇಟ್ಟುಕೊಂಡು ಊರವರ ನೀರಿಗೆ ಯಾಕೆ ಕಾಸು?

ಅವಳು ದಿನಕ್ಕೆ ಎರಡು ಹೊತ್ತು ಈಜಿದಳು. ಹದಿನಾಲ್ಕಕ್ಕೆ ನನ್ನ ಎತ್ತರಕ್ಕೆ ಬಂದಳು, ನನಗಿಂತ ಅಗಲ ಭುಜ. ಕೋಚಿನ ಕೈಗಡಿಯಾರದಲ್ಲಿ ನೂರು ಮೀಟರಿಗೆ ಅವಳ ಹೊತ್ತು ಇಳಿಯುತ್ತಾ ಇಳಿಯುತ್ತಾ ರಾಜ್ಯದ ತಂಡಕ್ಕೆ ಬೇಕಾದಷ್ಟಕ್ಕೆ ಬಂತು. ಆ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಟಿಕೆಟ್ ಕೌಂಟರಿನ ಪಕ್ಕ ಅಂಟಿಸಿದೆ. ಆ ತಿಂಗಳು ಹನ್ನೆರಡು ಹೊಸ ಮಕ್ಕಳು ಸೇರಿದರು.

ಆಯ್ಕೆ ಸ್ಪರ್ಧೆ ಪಟ್ಟಣದಲ್ಲಿ. ಅದೂ ಇಪ್ಪತ್ತೈದರ ಕೊಳವೇ. ಊರಿಂದ ಎರಡು ಜೀಪು ಜನ ತುಂಬಿಸಿಕೊಂಡು ಹೋದೆ. ಮೊದಲ ಉದ್ದದಲ್ಲಿ ಅವಳೇ ಮುಂದಿದ್ದಳು. ಕೊನೆಗೆ ಬಂದು ಪಲ್ಟಿ ಹೊಡೆದಳು, ಕಾಲು ಬೀಸಿದಳು. ಕಾಲಿಗೆ ಗೋಡೆ ಸಿಗಲಿಲ್ಲ. ಬೆರಳ ತುದಿಯಷ್ಟೇ ತಾಗಿತು. ಚಿಮ್ಮಬೇಕಾದವಳು ಅಲ್ಲೇ ನಿಂತ ಹಾಗಾದಳು. ಪಕ್ಕದ ಮೂವರು ದಾಟಿ ಹೋದರು. ಮುಂದಿನ ತಿರುವುಗಳಲ್ಲಿ ಹೆದರಿ, ತಲೆಯೆತ್ತಿ ಗೋಡೆ ನೋಡಿ ನೋಡಿ ತಿರುಗಿದಳು. ಐದನೆಯವಳಾಗಿ ಮುಗಿಸಿದಳು.

"ಅಪ್ಪ, ಗೋಡೆ ಇನ್ನೂ ದೂರ ಇತ್ತಪ್ಪ" ಅಂದಳು, ಟವೆಲ್ ಹೊದ್ದುಕೊಂಡು, ಹಲ್ಲು ಕಟಕಟ ಅನ್ನುತ್ತಾ. "ಎಷ್ಟು ಸಲ ಕೈ ಬೀಸ್ದೆ ಅಂತ ಎಣಿಸ್ಕೊಂಡೇ ಬಂದೆ. ಅಲ್ಲಿರಬೇಕಿತ್ತು, ಇರಲಿಲ್ಲ."

"ಗೋಡೆ ಎದ್ದು ಓಡೋಯ್ತೇನೇ ನಿನ್ನ ನೋಡಿ?"

ಜೀಪಿನಲ್ಲಿದ್ದವರೆಲ್ಲ ನಕ್ಕರು. ದಾರಿಯುದ್ದಕ್ಕೂ ನಾನು ಅವಳ ಜೊತೆ ಮಾತಾಡಲಿಲ್ಲ. ಮಾರನೇ ಬೆಳಗ್ಗೆ ಬ್ಯಾಚಿನ ಮಕ್ಕಳೂ ತಾಯಂದಿರೂ ಸೇರಿದ್ದಾಗ ಅವಳನ್ನು ದಡದ ಮೇಲೆ ನಿಲ್ಲಿಸಿ, "ನೋಡ್ರಪ್ಪಾ, ಇವಳೇ ನಮ್ಮ ಚಾಂಪಿಯನ್ನು. ನಮ್ಮನೆ ನೀರಲ್ಲಿ ಮೀನು, ಊರಾಚೆ ನೀರಲ್ಲಿ ರುಬ್ಬೋ ಗುಂಡು" ಅಂದೆ. ಚಿಕ್ಕ ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ಮಾತಾಡಿದರೆ ಜನ ನಗಬೇಕು ಅನ್ನುವ ಚಟ ನನಗೆ ಲಾರಿಯ ಕಾಲದಿಂದಲೂ ಇತ್ತು. ಅವಳೊಬ್ಬಳು ನೀರು ನೋಡುತ್ತಾ ನಿಂತಿದ್ದಳು.

ಆವತ್ತಿನಿಂದ ದಿನಾ ಅಭ್ಯಾಸ ಮುಗಿದ ಮೇಲೆ ನೂರು ಉದ್ದ ಹೆಚ್ಚಿಗೆ. ನಾನೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ, ತೊಡೆಯ ಮೇಲೆ ಎರಡು ಡಬ್ಬಿ. ಅವಳು ಒಂದು ಸಲ ಗೋಡೆ ಮುಟ್ಟಿದರೆ ಒಂದು ಹುಣಸೆ ಬೀಜ ಈ ಕಡೆಯಿಂದ ಆ ಕಡೆಗೆ. ಟ್ಯಾಂಕರಿನ ಹಾಗೆಯೇ. ಗೋಡೆ ಹಿಡಿದು ಉಸಿರು ತೆಗೆದುಕೊಂಡರೆ ಒಂದು ಬೀಜ ವಾಪಸು. ಎದುರು ಮಾತಾಡಿದರೆ ಎರಡು. ನನ್ನ ಹೆಂಡತಿ ಒಂದು ಸಲ ಬಂದು, "ಹೊರಗಾಗಿದ್ದಾಳೆ ಕಣ್ರೀ, ಇವತ್ತು ಬೇಡ" ಅಂತ ಮೆಲ್ಲಗೆ ಹೇಳಿದಳು. "ತಿಂಗಳಿಗೆ ನಾಲ್ಕು ದಿನ ರಜ ಕೊಡೋಕೆ ಇದೇನು ಬ್ಯಾಂಕಾ?" ಅಂದೆ. ಅವಳು ಮತ್ತೆ ಆ ಕಡೆ ಬರಲಿಲ್ಲ.

ಮರುವರ್ಷ ತಿರುವು ತಪ್ಪಲಿಲ್ಲ, ಆದರೂ ಸೋತಳು. ನಮ್ಮ ಕೊಳದಲ್ಲಿ ರಾಜ್ಯದ ಹೊತ್ತು, ಅಲ್ಲಿ ಮುಕ್ಕಾಲು ಸೆಕೆಂಡು ಹಿಂದೆ. ಅದರ ಮುಂದಿನ ವರ್ಷವೂ ಅಷ್ಟೇ ಮುಕ್ಕಾಲು ಸೆಕೆಂಡು. ಮೂರನೇ ಸಲ ಸೋತು ಬಂದ ಮೇಲೆ ಕೋಚು ಸಂಜೆ ನನ್ನ ಹತ್ತಿರ ಬಂದ. ದಡದಲ್ಲಿ ಹತ್ತಿಪ್ಪತ್ತು ಜನ ಪೋಷಕರು ಕೂತಿದ್ದರು.

"ಯಜಮಾನ್ರೇ, ಒಂದು ಮಾತು ಪಕ್ಕಕ್ಕೆ ಬಂದ್ರೆ..."

"ಇಲ್ಲೇ ಹೇಳಿ. ಇಲ್ಲಿರೋರೆಲ್ಲ ನಮ್ಮೋರೇ."

ಅವನು ದನಿ ತಗ್ಗಿಸಿದ. "ಎರಡು ವರ್ಷದಿಂದ ಒಂದೇ ವ್ಯತ್ಯಾಸ ಬರ್ತಿದೆ. ಹುಡುಗಿ ಹೆದರಿದ್ರೆ ಒಂದು ಸಲ ಒಂದು ಸೆಕೆಂಡು, ಇನ್ನೊಂದು ಸಲ ಎರಡು ಬರಬೇಕು. ನಮ್ಮ ಕೊಳದ ಅಳತೆ ಒಂದು ಸಲ ನೋಡೋಣ ಅಂತ."

ಎಂಬತ್ತೊಂದು ಅನ್ನುವ ಸಂಖ್ಯೆ ಆ ಕ್ಷಣವೇ ತಲೆಗೆ ಬಂತು. ಪಲ್ಟಿ ಹೊಡೆದ ಕಾಲು ನೀರನ್ನು ಒದ್ದದ್ದೂ ಬಂತು. ನನಗೆ ಆವತ್ತೇ ತಿಳಿಯಿತು. ತಿಳಿಯಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಆದರೆ ಅಷ್ಟು ಜನರ ಮುಂದೆ, ಬೋರ್ಡಿನ ಕೆಳಗೆ ಕೂತು, ನನ್ನ ಕೊಳ ಗಿಡ್ಡ ಅಂತ ನಾನು ಹೇಳಬೇಕಿತ್ತೇ?

ಎದ್ದು ನಿಂತೆ. "ಕಲಿಸೋಕೆ ಬರದೇ ಇರೋನು ಗೋಡೆ ಮೇಲೆ ಹೇಳ್ತಾನೆ. ಎಲ್ಲಿ, ಆ ಸೀಟಿ ಕೊಡಿ ಇಲ್ಲಿ. ನಾಳೆಯಿಂದ ಬರ್ಬೇಡಿ" ಅಂದೆ.

ಕೋಚು ಕೊರಳಿನಿಂದ ಸೀಟಿ ತೆಗೆದು ಕುರ್ಚಿಯ ಮೇಲಿಟ್ಟ. ನೀರೊಳಗಿದ್ದ ನನ್ನ ಮಗಳ ಕಡೆ ನೋಡಿದ. "ನಿನ್ನ ತಪ್ಪಿಲ್ಲ ಕಣಮ್ಮಾ" ಅಂದ. ಅಷ್ಟೇ ಅಂದು ಹೋದ. ಅವಳಿಗೆ ಅದು ಅರ್ಥವಾಗಲಿಲ್ಲ. ಸೋತವರಿಗೆ ಎಲ್ಲರೂ ಹೇಳುವ ಮಾತು ಅಂದುಕೊಂಡಳು. ನಾನು ಡಬ್ಬಿ ತೆಗೆದುಕೊಂಡು ಕೂತೆ. ಆವತ್ತೂ ನೂರು ಎಣಿಸಿದೆ.

ಆಗ ಅವಳಿಗೆ ಹದಿನಾರು. ಆ ವಯಸ್ಸಿನ ಗುಂಪಿನಲ್ಲಿ ಅವಳಿಗೆ ಇನ್ನೊಂದೇ ವರ್ಷ ಉಳಿದಿತ್ತು.

ಕೋಚು ಹೋದ ಮೇಲೆ ಮಕ್ಕಳು ಕಮ್ಮಿಯಾದರು. ಕೊಳದ ಖರ್ಚು ಮಾತ್ರ ಮಕ್ಕಳು ಬಂದರೂ ಬರದಿದ್ದರೂ ಅಷ್ಟೇ. ಪಂಪು ತಿರುಗಲೇಬೇಕು, ಮದ್ದು ಹಾಕಲೇಬೇಕು. ಆಗ ಒಂದು ದಾರಿ ಕಾಣಿಸಿತು. ಶಾಲೆಗಳ ನಡುವಿನ ಎರಡು ದಿನದ ಸ್ಪರ್ಧೆಗೆ ಒಂದು ಸಂಘದವರು ವಿಮಾನ ನಿಲ್ದಾಣದ ಕಡೆ ಜಾಗ ಹುಡುಕುತ್ತಿದ್ದರು. ಅವರು ಕೊಡುವ ಬಾಡಿಗೆಯಲ್ಲಿ ನನ್ನ ಎರಡು ತಿಂಗಳ ಕರೆಂಟು ಬಿಲ್ಲು ಹೋಗುತ್ತಿತ್ತು. ಅವರ ಒಪ್ಪಿಗೆಯ ಮುದ್ರೆ ಬಿದ್ದರೆ ಸ್ಪರ್ಧೆ ವರ್ಷ ವರ್ಷ ಬರುತ್ತದೆ. ಅರ್ಜಿ ಹಾಕಿದೆ. ಒಂದಡಿ ವಿಷಯ? ಯಾರು ಬಂದು ಅಳೆಯುತ್ತಾರೆ, ಕಣ್ಣಳತೆಯಲ್ಲಿ ನೋಡಿ ಕಾಫಿ ಕುಡಿದು ಸಹಿ ಹಾಕುತ್ತಾರೆ ಅಂದುಕೊಂಡೆ. ಟ್ಯಾಂಕರಿನ ಪರ್ಮಿಟ್ಟುಗಳೆಲ್ಲ ಹಾಗೇ ಆಗಿದ್ದವು.

ಸಂಘದಿಂದ ಬಂದವನು ಸಣ್ಣಗಿನ ಆಸಾಮಿ. ನಾನು ಶಾಮಿಯಾನ ಹಾಕಿಸಿ, ಊರ ಹಿರಿಯರನ್ನು ಕೂರಿಸಿ, ಕೊಳ ಕಟ್ಟಿದ ಮೇಸ್ತ್ರಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ. ಬಂದವನು ಕಾಫಿ ಮುಟ್ಟಲಿಲ್ಲ. ಬ್ಯಾಗಿನಿಂದ ಉಕ್ಕಿನ ಟೇಪು ತೆಗೆದ. ಹಿಡಿದುಕೊಳ್ಳಲು ಯಾರಾದರೂ ಬೇಕು ಅಂದ. ಮಗಳು ಮುಂದೆ ಬಂದಳು. ಟೇಪಿನ ಒಂದು ತುದಿಯನ್ನು ಪಶ್ಚಿಮದ ಗೋಡೆಗೆ ಒತ್ತಿ ಹಿಡಿದು ಕೂತಳು. ಅವನು ಪೂರ್ವಕ್ಕೆ ನಡೆದ. ಟೇಪು ನೀರಿನ ಮೇಲೆ ನೆಟ್ಟಗೆ ಬಿಗಿಯಾಯಿತು.

ಒಂದು ಸಲ ನೋಡಿದ. ಎರಡನೇ ಸಾಲಿಗೆ ಹೋಗಿ ಮತ್ತೆ ನೋಡಿದ. ಆರೂ ಸಾಲು ಮುಗಿಸಿ ಎದ್ದ.

"ಇಪ್ಪತ್ನಾಲ್ಕು ಮೀಟ್ರು, ಅರವತ್ತೊಂಬತ್ತು ಸೆಂಟಿಮೀಟ್ರು."

"ಒಂದಡಿ ತಾನೆ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ."

"ಯಜಮಾನ್ರೇ, ಜಾಸ್ತಿ ಇದ್ರೆ ಕೊನೆಗೊಂದು ಹಲಗೆ ಕೂರಿಸಿ ಸರಿ ಮಾಡ್ಕೋಬಹುದು. ಕಮ್ಮಿ ಇದ್ರೆ ಬ್ರಹ್ಮ ಬಂದ್ರೂ ಆಗಲ್ಲ. ಇದು ಸ್ಪರ್ಧೆ ಕೊಳ ಅಲ್ಲ, ದೊಡ್ಡ ಸಂಪು" ಅಂದ. ಶಾಮಿಯಾನದ ಕೆಳಗೆ ಯಾರೋ ಕಿಸಕ್ಕನೆ ನಕ್ಕರು.

ನನ್ನ ಬಾಯಿಗೆ ಮೊದಲು ಬಂದದ್ದು ಇದು: "ಈ ಮುದುಕ ಮಾಡಿರೋ ಕೆಲ್ಸ ನೋಡಿ ಸಾರ್. ಕಣ್ಣು ಕಾಣಲ್ಲ, ಟೇಪು ಓದೋಕೆ ಬರಲ್ಲ, ನಂಬಿ ಕೆಟ್ಟೆ."

ಮೇಸ್ತ್ರಿ ಶಾಲು ತೆಗೆದು ಮಡಿಸಿ ಕುರ್ಚಿಯ ಮೇಲೆ ಇಟ್ಟ. ಕೂಗಾಡಲಿಲ್ಲ. "ಎಂಬತ್ಮೂರು ಮಾಡು ಅಂತಾನೂ ಹೇಳಿದ್ನಲ್ಲಪ್ಪ. ಬಂಡೆ ಒಡ್ಸೋಕೆ ಕಾಸಾಯ್ತದೆ ಎಂಬತ್ತೊಂದಿಡು ಅಂದೋನು ನೀನು. ಮಿಲ್ಟ್ರಿಯವ್ರನ್ನ ಕೇಳು ಅಂದೆ. ಕೇಳ್ದೇನು ನೀನು?" ಅಂದ. ಕೋಲು ಊರಿಕೊಂಡು ಗೇಟು ದಾಟಿದ. ಅವನು ಮತ್ತೆ ನನಗೆ ಕೆಲಸ ಮಾಡಲಿಲ್ಲ, ನಾನೂ ಕರೆಯಲಿಲ್ಲ.

ಮಗಳು ಇನ್ನೂ ಟೇಪಿನ ತುದಿ ಹಿಡಿದುಕೊಂಡೇ ಕೂತಿದ್ದಳು. ಸಂಘದವನು ಆ ಕಡೆಯಿಂದ ಸುತ್ತಿಕೊಂಡಾಗ ಅದು ಸರ್ರನೆ ಜಾರಿ ಅವಳ ಅಂಗೈಯನ್ನು ಗೀರಿತು. ರಕ್ತ ಬಂತು. ಅವಳು ಅದನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನೂರು ಮೀಟ್ರಿಗೆ ನಾಕಡಿ ಅಪ್ಪ. ನಾಕಡಿಗೆ ಮುಕ್ಕಾಲು ಸೆಕೆಂಡು. ಸರಿಯಾಗ್ ಬರುತ್ತೆ."

ನಾನು ಶಾಮಿಯಾನದ ಕುರ್ಚಿಗಳನ್ನು ಒಂದರ ಮೇಲೊಂದು ಇಡತೊಡಗಿದೆ.

"ಸಾರ್ ಕೇಳ್ದಾಗ್ಲೇ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿದ್ರೆ ಏನು ಮಾಡ್ಬೇಕಿತ್ತು? ಅಷ್ಟು ಜನದ ಮುಂದೆ ಮಾನ ಕಳ್ಕೋಬೇಕಿತ್ತಾ?"

ಅವಳು ಪೂರ್ವದ ಗೋಡೆಯ ಕಡೆ ನೋಡಿದಳು. "ಬಂಡೆ ಒಡಿಸಪ್ಪ. ಆ ಗೋಡೆ ಹಿಂದಕ್ಕೆ ಹಾಕ್ಸು. ನಂಗಿನ್ನೂ ಒಂದು ವರ್ಷ ಇದೆ. ಸರಿಯಾದ ನೀರಲ್ಲಿ ನಾಕು ತಿಂಗ್ಳು ಸಿಕ್ಕಿದ್ರೆ ಸಾಕು, ಸೇರ್ತೀನಿ. ಇಲ್ಲಾಂದ್ರೆ ಪಟ್ಟಣದ ಕೊಳಕ್ಕೆ ಕಳ್ಸು."

ಅಷ್ಟು ಉದ್ದದ ಮಾತನ್ನು ಅವಳು ನನ್ನ ಜೊತೆ ವರ್ಷಗಳಿಂದ ಆಡಿರಲಿಲ್ಲ. ಯೋಚನೆ ಮಾಡ್ತೀನಿ ಅಂದೆ. ಮೂರು ದಿನ ಯೋಚಿಸಿದೆ. ಗೋಡೆ ಒಡೆಯಲು ಕೊಳ ಬರಿದು ಮಾಡಬೇಕು, ತೊಂಬತ್ತು ಟ್ಯಾಂಕರ್ ನೀರು ಮೋರಿಗೆ. ಬಂಡೆ, ಕಾಂಕ್ರೀಟು, ಸೋರದ ಹಾಗೆ ಮದ್ದು, ಟೈಲ್ಸು. ಬೇಸಗೆಯ ರಜೆ ಹತ್ತಿರ ಬಂದಿತ್ತು, ವರ್ಷದ ಅರ್ಧ ವರಮಾನ ಆ ಎರಡು ತಿಂಗಳಿನದು. ಒಂದು ಕಡೆ ಅದೆಲ್ಲ. ಇನ್ನೊಂದು ಕಡೆ ಒಬ್ಬ ಹುಡುಗಿ, ಗೆದ್ದರೂ ಗೆದ್ದಳು ಸೋತರೂ ಸೋತಳು. ಪಟ್ಟಣದ ಕೊಳಕ್ಕೆ ಕಳಿಸಲು ಅಂಥ ಖರ್ಚೇನೂ ಇರಲಿಲ್ಲ. ಆದರೆ ಸ್ವಂತ ಕೊಳ ಇರುವವನ ಮಗಳು ಇನ್ನೊಬ್ಬರ ಕೊಳಕ್ಕೆ ಫೀಸು ಕಟ್ಟಿ ಹೋಗುವುದನ್ನು ನೋಡಿದ ಜನ ನನ್ನಲ್ಲಿಗೆ ಯಾಕೆ ಬರುತ್ತಾರೆ? ಅದೂ ನಷ್ಟದ ಲೆಕ್ಕಕ್ಕೇ ಸೇರಿತು.

ನಾಲ್ಕನೇ ದಿನ ಊಟಕ್ಕೆ ಕೂತಾಗ ಹೇಳಿದೆ. "ಆಗಲ್ಲಮ್ಮ. ಲೆಕ್ಕ ಕೂಡಲ್ಲ."

"ಸರಿ" ಅಂದಳು. ಮುದ್ದೆಯ ಕೊನೇ ತುತ್ತು ನುಂಗಿ, ತಟ್ಟೆ ತೊಳೆದಿಟ್ಟು ಎದ್ದುಹೋದಳು. ಮಾರನೇ ದಿನ ನೀರಿಗಿಳಿಯಲಿಲ್ಲ. ಅದರ ಮಾರನೇ ದಿನವೂ ಇಳಿಯಲಿಲ್ಲ. ಒಂದು ವಾರ ಬೈದೆ, ಆಮೇಲೆ ಬಿಟ್ಟೆ. ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಅಮ್ಮನ ಜೊತೆ ಒಲೆ ಮುಂದೆ ಕೂರುತ್ತಿದ್ದಳು. ಅವಳ ಭುಜಗಳು ಒಂದು ವರ್ಷದಲ್ಲಿ ಕರಗಿದವು.

ನನ್ನ ಲೆಕ್ಕವಂತೂ ಕೂಡಿತು. ಬೋರ್ಡಿನಿಂದ ಸ್ಪರ್ಧೆ ಅನ್ನುವ ಪದ ಅಳಿಸಿ ಹಾಕಿಸಿದೆ. ಒಂದು ಕೊನೆಯಲ್ಲಿ ಜಾರುಬಂಡೆ ಇಟ್ಟೆ, ಮೇಲಿಂದ ನೀರು ಸುರಿಯುವ ಕೊಡೆ ನಿಲ್ಲಿಸಿದೆ. ಭಾನುವಾರ ಪಟ್ಟಣದಿಂದ ಕಾರುಗಳು ಸಾಲುಗಟ್ಟಿದವು. ಇವರಿಗೆ ಕೊಳ ಎಂಬತ್ತೊಂದೋ ಎಂಬತ್ತೆರಡೋ ಬೇಕಿಲ್ಲ, ಸೊಂಟದ ಮಟ್ಟ ನೀರು, ಜೋರು ಹಾಡು, ತಿನ್ನಲು ಬೋಂಡ. ಕೋಚಿಂಗು ಮೂರು ವರ್ಷದಲ್ಲಿ ತಂದದ್ದನ್ನು ಇದು ಒಂದೇ ಬೇಸಗೆಯಲ್ಲಿ ತಂದಿತು.

ಕಾರುಗಳಿಗೆ ಜಾಗ ಸಾಲದಾಯಿತು. ಪೂರ್ವದ ಕಡೆ ಪಾರ್ಕಿಂಗ್ ಮಾಡಬೇಕೆಂದರೆ ಆ ಬಂಡೆ ಅಡ್ಡ. ಒಡೆಸಿಬಿಡೋಣ ಅಂತ ಕಂಪ್ರೆಸರ್ ಗಾಡಿ ತರಿಸಿದೆ. ಎಷ್ಟಾಗುತ್ತದೆ ಅಂತ ಮೊದಲೇ ಕೇಳಲೂ ಇಲ್ಲ, ಆ ದಿನಗಳಲ್ಲಿ ಕಾಸು ಹಾಗೆ ಬರುತ್ತಿತ್ತು. ಇಬ್ಬರು ಆಳು ಬೆಳಗ್ಗೆ ಕೊಳದ ಗೋಡೆ ಪಕ್ಕದಿಂದಲೇ ಕೊರೆಯಲು ಶುರುಮಾಡಿದರು. ಕಾಲೇಜಿಗೆ ರಜೆಯಿತ್ತು. ಹನ್ನೊಂದು ಗಂಟೆಗೆ ಮಗಳು ಅವರಿಗೆ ಕಾಫಿ ತಂದಳು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಅವರು ಯಂತ್ರ ನಿಲ್ಲಿಸಿ ಲೋಟ ತೆಗೆದುಕೊಂಡರು. ಅವಳು ಗೋಡೆಯಿಂದ ಹೊರಗೆ ಒಡೆದು ಬಿದ್ದಿದ್ದ ಕಲ್ಲುಗಳನ್ನು ನೋಡಿದಳು.

"ಅಣ್ಣ, ಗೋಡೆ ಪಕ್ಕದ ಒಂದಡಿ ಒಡಿಯೋಕೆ ಎಷ್ಟು ಹೊತ್ತಾಯ್ತು?"

"ಒಂದಡಿನಾ?" ಆಳು ನಕ್ಕ. "ಮೇಲಷ್ಟೇ ಬಂಡೆ ಕಣಮ್ಮ ಇದು, ಒಳಗೆ ಪೂರ್ತಿ ಸಡ್ಲ. ತಿಂಡಿಗೆ ಮುಂಚೇನೇ ಉದುರ್ಕೊಂತು."

ಅವಳು ಕಾಯುತ್ತಾ ನಿಂತಳು. ಅವರು ಕುಡಿದು ಮುಗಿಸಿದ ಮೇಲೆ ಎರಡೂ ಲೋಟ ತೆಗೆದುಕೊಂಡು, ನನ್ನ ಮುಂದೆಯೇ ಹಾದು ಒಳಗೆ ಹೋದಳು. ನನಗೆ ಕಾಫಿ ತಂದಿರಲಿಲ್ಲ.